ಫೋಮ್ ರೋಲರ್ ಉರುಳಿಸಿ ಸೊಂಟ ಹಿಡಿದುಕೊಂಡಿದೆ, ತಪ್ಪಿದ್ದು ಎಲ್ಲಿ?

ಸುಂಟಿಕೊಪ್ಪದ ಬೆಳೆಗಾರ:

ಈ ಸಲ ರೊಬಸ್ಟಾ ಕಾಫಿ ಕೊಯ್ಲು ಮುಗಿಯುವ ಹೊತ್ತಿಗೆ ಆಳುಗಳೂ ಊರಿಗೆ ಹೊರಟಿದ್ದರು. ಕಣದಲ್ಲಿ ಒಣಗಿದ ಚೆರಿಯನ್ನು ಚೀಲಕ್ಕೆ ತುಂಬಿ ಪಿಕಪ್‌ಗೆ ಏರಿಸುವ ಕೆಲಸ ನನಗೂ ನನ್ನ ಭಾವಮೈದುನನಿಗೂ ಬಿತ್ತು. ಚೀಲಕ್ಕೆ 50 ಕೆಜಿ. ಎರಡು ದಿನದಲ್ಲಿ ಎಪ್ಪತ್ತು ಚೀಲ. ನನಗೆ ವಯಸ್ಸು 47. ಸೊಂಟ ಬಿಗಿದುಕೊಂಡಿತು. ಅದು ಪ್ರತಿ ವರ್ಷದ ಕತೆ, ಬಿಸಿನೀರು ಹುಯ್ದುಕೊಂಡರೆ ನಾಲ್ಕು ದಿನದಲ್ಲಿ ಬಿಡುತ್ತಿತ್ತು.

ಈ ವರ್ಷ ಬೆಂಗಳೂರಿನಲ್ಲಿರುವ ಮಗ ಒಂದು ಫೋಮ್ ರೋಲರ್, ಅಂದರೆ ಸ್ನಾಯು ಸಡಿಲವಾಗಲು ಮೈ ಕೆಳಗಿಟ್ಟು ಉರುಳಿಸುವ ಉರುಳೆ, ಕಳುಹಿಸಿದ್ದ. ಕಪ್ಪು ಬಣ್ಣ, ಕಲ್ಲಿನಷ್ಟು ಗಟ್ಟಿ, ಮೈತುಂಬ ಹಲಸಿನ ಕಾಯಿಯಂತೆ ಉಬ್ಬುಗಳು. ರಾತ್ರಿ ಊಟವಾದ ಮೇಲೆ ಅದನ್ನು ನೆಲದ ಮೇಲಿಟ್ಟು, ನೋವಿದ್ದ ಜಾಗಕ್ಕೇ, ಅಂದರೆ ಬೆಲ್ಟ್ ಕಟ್ಟುವ ಜಾಗಕ್ಕೆ ಸರಿಯಾಗಿ ಕೊಟ್ಟು ಮಲಗಿದೆ. ಹತ್ತು ನಿಮಿಷ ಹಿಂದಕ್ಕೂ ಮುಂದಕ್ಕೂ ಉರುಳಿಸಿದೆ. ಜೋರಾಗಿಯೇ ನೋಯುತ್ತಿತ್ತು. ನೋಯದೆ ಗಂಟು ಕರಗುವುದುಂಟೇ ಎಂದುಕೊಂಡು ಹಲ್ಲು ಕಚ್ಚಿ ಮುಂದುವರಿಸಿದೆ. ಎದ್ದಾಗ ಸ್ವಲ್ಪ ಹಗುರವೆನಿಸಿದ್ದೂ ನಿಜ.

ಬೆಳಿಗ್ಗೆ ಮುಖ ತೊಳೆಯಲು ಬಗ್ಗಿದವನು ಬಗ್ಗಿದಂತೆಯೇ ನಿಂತುಬಿಟ್ಟೆ. ನಲ್ಲಿ ಹರಿಯುತ್ತಲೇ ಇತ್ತು, ಅದನ್ನು ಮುಚ್ಚಲೂ ಧೈರ್ಯ ಬರಲಿಲ್ಲ. ಹೆಂಡತಿ ಬಂದು ನಲ್ಲಿ ನಿಲ್ಲಿಸಿ, ನನ್ನನ್ನು ಮಂಚದವರೆಗೆ ನಡೆಸಿಕೊಂಡು ಹೋದಳು. "ಎಪ್ಪತ್ತು ಚೀಲ ಮಾಡದ್ದನ್ನು ಒಂದು ತುಂಡು ಸ್ಪಂಜು ಮಾಡಿತೇ?" ಎಂದು ಕೇಳಿದಳು. ಇವತ್ತಿಗೆ ಮೂರನೆಯ ದಿನ. ನಡೆಯಬಲ್ಲೆ, ಬಗ್ಗಲಾರೆ. ಇದನ್ನು ಬಳಸಿ ಗೊತ್ತಿರುವವರು ಹೇಳಿ, ಈ ವಸ್ತುವೇ ಕೆಟ್ಟದ್ದೋ, ನಾನು ಬಳಸಿದ ರೀತಿಯೋ?

ಗೋಣಿಕೊಪ್ಪದ ಸಂತೆ:

ಅಣ್ಣ, ಕಾಲು ಮುಂದಾಗಿ ಹುಟ್ಟಿದವರನ್ನು ಹುಡುಕಿ ಸೊಂಟಕ್ಕೆ ಒಂದು ಒದೆ ಕೊಡಿಸಿಕೊಳ್ಳಿ. ನಮ್ಮ ಅಜ್ಜನ ಕಾಲದಲ್ಲಿ ಉಳುಕಿಗೆ ಅದೇ ಔಷಧ. ನಮ್ಮ ಬೀದಿಯಲ್ಲೇ ಒಬ್ಬರಿದ್ದಾರೆ, ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಬಂದರೆ ದಕ್ಷಿಣೆಯನ್ನೂ ಕೇಳುವುದಿಲ್ಲ.

ಮಡಿಕೇರಿ ಫಿಸಿಯೋ:

ಒದೆಯ ಮಾತು ಆಮೇಲೆ. ಬೆಳೆಗಾರರೇ, ಮೊದಲು ನಾಲ್ಕು ಪ್ರಶ್ನೆಗಳಿಗೆ ಉತ್ತರ ಹೇಳಿ. ನೋವು ಮಂಡಿಯ ಕೆಳಗೆ ಇಳಿಯುತ್ತಿದೆಯೇ? ಪಾದದಲ್ಲಿ ಜೋಮು ಅಥವಾ ಹೆಜ್ಜೆ ಎತ್ತಿಡಲು ಬಲವಿಲ್ಲದಂತೆ ಇದೆಯೇ? ಮೂತ್ರ ಅಥವಾ ಮಲ ಹಿಡಿತ ತಪ್ಪಿದೆಯೇ, ಇಲ್ಲವೇ ಮೂತ್ರ ಕಟ್ಟಿಕೊಂಡಿದೆಯೇ? ಸೈಕಲ್ ಸೀಟಿಗೆ ತಾಗುವ ಭಾಗದಲ್ಲಿ ಸ್ಪರ್ಶ ಗೊತ್ತಾಗದಂತಾಗಿದೆಯೇ? ಕೊನೆಯ ಎರಡರಲ್ಲಿ ಒಂದಕ್ಕೆ ಹೌದು ಎಂದಾದರೂ ಇಲ್ಲಿ ಬರೆಯುತ್ತ ಕೂರಬೇಡಿ, ಈ ಕ್ಷಣವೇ ಆಸ್ಪತ್ರೆಗೆ ಹೊರಡಿ. ನರದ ಬುಡಕ್ಕೆ ಒತ್ತಡ ಬಿದ್ದಿರಬಹುದು. ಅಲ್ಲಿ ಲೆಕ್ಕ ಗಂಟೆಗಳದ್ದು, ದಿನಗಳದ್ದಲ್ಲ. ಕಾಲಿನ ಬಲ ಕುಗ್ಗಿದ್ದರೂ ನಾಳೆಗೆ ಮುಂದೂಡಬೇಡಿ.

ಸುಂಟಿಕೊಪ್ಪದ ಬೆಳೆಗಾರ:

ಇಲ್ಲ ಮೇಡಂ, ನಾಲ್ಕೂ ಇಲ್ಲ. ಸೊಂಟದ ಎರಡೂ ಬದಿಗೆ ಹಲಗೆ ಕಟ್ಟಿದಂತೆ ಇದೆ, ಅಷ್ಟೇ. ಜ್ವರವೂ ಇಲ್ಲ, ಬಿದ್ದೂ ಇಲ್ಲ.

ಮಡಿಕೇರಿ ಫಿಸಿಯೋ:

ಹಾಗಿದ್ದರೆ ಸಮಾಧಾನ. ನೀವು ಬರೆದದ್ದನ್ನು ನೋಡಿದರೆ ಸ್ನಾಯು ಸೆಳೆತದಂತೆಯೇ ಇದೆ. ಕಣ್ಣಿಂದ ನೋಡದೆ ಖಚಿತವಾಗಿ ಹೇಳುವುದಿಲ್ಲ, ವಾರದಲ್ಲಿ ಇಳಿಯದಿದ್ದರೆ ಯಾರಿಗಾದರೂ ತೋರಿಸಿ.

ಆಗಿದ್ದೇನು ಎಂದು ಕೇಳಿದಿರಿ. ನಿಮ್ಮ ಬೆನ್ನುಮೂಳೆಯಲ್ಲಿ ಕುತ್ತಿಗೆಗೆ 7, ಬೆನ್ನಿಗೆ 12, ಸೊಂಟಕ್ಕೆ 5 ಬಿಡಿ ಮೂಳೆಗಳು. ನಡುವಿನ 12ಕ್ಕೂ ಪಕ್ಕೆಲುಬುಗಳ ಕಟ್ಟು ಇದೆ. ಹಳೆಯ ಮನೆಯ ತೊಲೆಗೆ ಎರಡೂ ಕಡೆ ಪಕಾಸು ಹೊಡೆದಂತೆ. ಅದರ ಮೇಲೆ ಮೈಭಾರ ಬಿಟ್ಟರೂ ಭಾರ ಹಂಚಿಕೊಂಡು ಹೋಗುತ್ತದೆ. ಸೊಂಟದ ಐದಕ್ಕೆ ಆ ಕಟ್ಟು ಇಲ್ಲ. ಅದರ ಕೆಳಗೆ ಸಣ್ಣ ಉರುಳೆ ಕೊಟ್ಟು ಮಲಗಿದರೆ ಪೃಷ್ಠ ಒಂದು ಕಡೆ, ಎದೆ ಇನ್ನೊಂದು ಕಡೆ ಜೋತು ಬೀಳುತ್ತದೆ, ಸೊಂಟ ಬಿಲ್ಲಿನಂತೆ ಹಿಂದಕ್ಕೆ ಬಾಗುತ್ತದೆ. ಹಿಂಬದಿಯ ಸಣ್ಣ ಕೀಲುಗಳು ಒಂದಕ್ಕೊಂದು ಒತ್ತಿಕೊಳ್ಳುತ್ತವೆ. ಬೆನ್ನುಮೂಳೆಗೆ ಅಪಾಯ ಬಂದಿತೆಂದು ಸುತ್ತಲಿನ ಸ್ನಾಯುಗಳು ಬಿಗಿದುಕೊಂಡು ಕಾವಲಿಗೆ ನಿಲ್ಲುತ್ತವೆ. ನೀವು ಸಡಿಲ ಮಾಡಲು ಹೊರಟಿರಿ, ಅವು ಇನ್ನಷ್ಟು ಬಿಗಿ ಮಾಡಿದವು. ಎರಡು ದಿನ ಚೀಲ ಹೊತ್ತು ಮೊದಲೇ ದಣಿದಿದ್ದ ಸ್ನಾಯುಗಳು ಬೇರೆ.

ಈಗ ಮಾಡಬೇಕಾದ್ದು ಕಡಿಮೆ. ರೋಲರ್ ಮೂಲೆಗೆ ಇಡಿ. ಬಿಸಿನೀರಿನ ಚೀಲ 15–20 ನಿಮಿಷ, ನಡುವೆ ಟವೆಲ್ ಇರಲಿ. ಮಂಚ ಹಿಡಿಯಬೇಡಿ. ಹಿಂದೆ ಬೆನ್ನುನೋವೆಂದರೆ ಮಲಗಿಸಿಬಿಡುತ್ತಿದ್ದೆವು, ಆ ಕಾಲ ಹೋಯಿತು. ಮನೆ ಅಂಗಳದಲ್ಲಿ ದಿನಕ್ಕೆ ಐದಾರು ಸಲ ಸ್ವಲ್ಪ ಸ್ವಲ್ಪ ನಡೆಯಿರಿ. ಮಲಗುವಾಗ ಮಂಡಿಯ ಕೆಳಗೆ ದಿಂಬು. ಏಳುವಾಗ ನೇರವಾಗಿ ಕುಳಿತು ಏಳಬೇಡಿ, ಪಕ್ಕಕ್ಕೆ ಹೊರಳಿ, ಕಾಲು ಕೆಳಗೆ ಬಿಟ್ಟು, ಕೈ ಊರಿ ಎದ್ದೇಳಿ. ಚೀಲದ ಸುದ್ದಿಗೆ ಹೋಗಬೇಡಿ.

ಒದೆಯ ಸಲಹೆ ಕೊಟ್ಟವರಿಗೆ: ಸೆಳೆತವಿರುವ ಸೊಂಟಕ್ಕೆ ಒದೆಸಿಕೊಂಡು ನಮ್ಮಲ್ಲಿಗೆ ಬಂದವರನ್ನು ನೋಡಿದ್ದೇನೆ. ಒದ್ದವರು ಜೊತೆಗೆ ಬಂದಿರುವುದಿಲ್ಲ.

ಜಿಮ್ ಬಸವ:

ನಾನು ಎರಡು ವರ್ಷದಿಂದ ಸೊಂಟಕ್ಕೇ ರೋಲರ್ ಹಾಕುತ್ತಿದ್ದೇನೆ. ಕಟಕಟ ಎಂದು ಸದ್ದು ಬರುತ್ತದೆ, ಹಾಯೆನಿಸುತ್ತದೆ. ಏನೂ ಆಗಿಲ್ಲ. ಸುಮ್ಮನೆ ಹೆದರಿಸಬೇಡಿ.

ಪೊನ್ನಂಪೇಟೆ ಫುಲ್‌ಬ್ಯಾಕ್:

ಬಸವ, ಹೆಲ್ಮೆಟ್ ಇಲ್ಲದೆ ಕುಶಾಲನಗರದಿಂದ ಮಡಿಕೇರಿ ಘಾಟಿ ಹತ್ತುವವರೂ ಹಾಗೆಯೇ ಹೇಳುತ್ತಾರೆ. ಸದ್ದು ಬಂದ ಮಾತ್ರಕ್ಕೆ ಮೂಳೆ ಜಾಗಕ್ಕೆ ಬಂದು ಕೂತಿತು ಎಂದಲ್ಲ. ಕೀಲಿನೊಳಗಿನ ದ್ರವದಲ್ಲಿ ಗಾಳಿಯ ಗುಳ್ಳೆ ಏಳುವ ಸದ್ದು ಅದು, ಬೆರಳು ನೆಟಿಕೆ ಮುರಿದಂತೆಯೇ. ಅದರಿಂದ ಒಳ್ಳೆಯದೂ ಇಲ್ಲ, ಕೆಟ್ಟದ್ದೂ ಇಲ್ಲ. ನಿನಗೆ 24 ವರ್ಷ, ಹೊಟ್ಟೆಯ ಸ್ನಾಯು ಹಿಡಿದುಕೊಂಡಿದೆ, ನಡೆಯುತ್ತದೆ. ಐವತ್ತರ ಹತ್ತಿರದವರು ಚೀಲ ಹೊತ್ತ ಮರುದಿನ ಅದನ್ನೇ ಮಾಡಿದರೆ ನಡೆಯುವುದಿಲ್ಲ ಎನ್ನುವುದಕ್ಕೆ ಮೇಲಿನ ಮೊದಲ ಬರಹವೇ ಸಾಕ್ಷಿ.

ಜಿಮ್ ಬಸವ:

ಸರಿ ಸಾರ್. ಹಾಗಾದರೆ ಸೊಂಟ ಹಿಡಿದರೆ ರೋಲರ್ ಎಲ್ಲಿಗೆ ಹಾಕುವುದು?

ಪೊನ್ನಂಪೇಟೆ ಫುಲ್‌ಬ್ಯಾಕ್:

ಅದೇ ಸರಿಯಾದ ಪ್ರಶ್ನೆ. ಹಾಕಿಯಲ್ಲಿ ಎಪ್ಪತ್ತು ನಿಮಿಷ ಬಗ್ಗಿಕೊಂಡೇ ಓಡಿ ಬೆಳೆದವನು ನಾನು. ಈಗ ಅರವತ್ತು ನಿಮಿಷ, ನಾಲ್ಕು ಕ್ವಾರ್ಟರ್. 1997ರಲ್ಲಿ ಕರಡದಲ್ಲಿ ಕೊಡವ ಕೌಟುಂಬಿಕ ಹಾಕಿ ಶುರುವಾದಾಗ ನಾನು ಶಾಲಾ ಹುಡುಗ. ಆಮೇಲೆ ನಮ್ಮ ಮನೆತನದ ತಂಡದಲ್ಲಿ ಆಡಿದೆ, ಈಗ ಮಕ್ಕಳಿಗೆ ಹೇಳಿಕೊಡುತ್ತೇನೆ. ಸೊಂಟನೋವು ಇಲ್ಲದ ಹಾಕಿ ಆಟಗಾರನನ್ನು ನಾನು ಕಂಡಿದ್ದು ಕಡಿಮೆ. ನೋವು ಸೊಂಟದಲ್ಲಿ, ಬಿಗಿತ ಮಾತ್ರ ಬಹಳ ಸಲ ಅದರ ಮೇಲೆ ಕೆಳಗೆ. ಪೃಷ್ಠ, ತೊಡೆಯ ಮುಂಭಾಗ, ಹೆಗಲ ನಡುವಿನ ಬೆನ್ನು. ಇವು ಮೂರು ಅಲುಗಾಡದಿದ್ದರೆ ಬಗ್ಗುವ ಕೆಲಸವನ್ನೆಲ್ಲ ಸೊಂಟವೊಂದೇ ಮಾಡಬೇಕಾಗುತ್ತದೆ.

ಪೃಷ್ಠಕ್ಕೆ: ರೋಲರ್ ಮೇಲೆ ಕುರ್ಚಿಯಲ್ಲಿ ಕೂತಂತೆ ಕೂತುಕೊಳ್ಳಿ, ಕೈ ಎರಡೂ ಹಿಂದೆ ನೆಲಕ್ಕೆ ಊರಿರಲಿ. ಬಲ ಪಾದದ ಗಂಟನ್ನು ಎಡ ಮಂಡಿಯ ಮೇಲಿಟ್ಟು, ಬಲ ಪೃಷ್ಠದ ಕಡೆಗೆ ಸ್ವಲ್ಪ ವಾಲಿ. ಒಂದೊಂದೇ ಅಂಗುಲ ಸರಿಯಿರಿ. ಸೆಕೆಂಡಿಗೆ ಒಂದು ಅಂಗುಲವಾದರೆ ಧಾರಾಳ. ನಮ್ಮ ಹುಡುಗರು ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್‌ನಂತೆ ಗರಗರ ತಿರುಗಿಸುತ್ತಾರೆ, ಅದರಿಂದ ಉಪಯೋಗವಿಲ್ಲ. ನೋವು ಕಂಡ ಜಾಗದಲ್ಲಿ ನಿಂತು ನಾಲ್ಕೈದು ಸಲ ನಿಧಾನವಾಗಿ ಉಸಿರು ಬಿಡಿ. ಒಂದು ಬದಿಗೆ ಅರ್ಧ ನಿಮಿಷದಿಂದ ಒಂದು ನಿಮಿಷ.

ನೋವಿನ ಲೆಕ್ಕ ಹೀಗೆ: ಹತ್ತಕ್ಕೆ ಐದು, ಹೆಚ್ಚೆಂದರೆ ಆರು. ಉಸಿರು ಹಿಡಿದರೆ, ಹುಬ್ಬು ಗಂಟಿಕ್ಕಿದರೆ, ಅದು ಎಂಟು. ಮೈಭಾರ ಕೈಗೆ ಬದಲಿಸಿ. ಮಕ್ಕಳಿಗೆ ನಾನು ಹೇಳುವುದು, ರೋಲರ್ ಮೇಲೆ ಮಲಗಿ ಪಕ್ಕದವನ ಜೊತೆ ಮಾತನಾಡಲು ಆಗಬೇಕು.

ಬೆನ್ನಿನ ಮೇಲ್ಭಾಗಕ್ಕೆ: ರೋಲರ್ ಹೆಗಲ ಮೂಳೆಗಳ ಕೆಳತುದಿಗೆ ಅಡ್ಡವಾಗಿ ಬರಲಿ. ಮಂಡಿ ಮಡಚಿ, ಪಾದ ನೆಲಕ್ಕೆ. ಎರಡೂ ಕೈ ತಲೆಯ ಹಿಂದೆ ಹೆಣೆದು ತಲೆಯ ಭಾರವನ್ನು ಹಿಡಿದುಕೊಳ್ಳಿ, ಇಲ್ಲವಾದರೆ ಕುತ್ತಿಗೆ ನೋಯುತ್ತದೆ. ಮೊಣಕೈಗಳನ್ನು ಒಂದಕ್ಕೊಂದು ಹತ್ತಿರ ತಂದರೆ ಹೆಗಲ ಮೂಳೆಗಳು ಬದಿಗೆ ಸರಿದು ನಡುವಿನ ಸ್ನಾಯು ಸಿಗುತ್ತದೆ. ಪೃಷ್ಠವನ್ನು ಎರಡು ಬೆರಳಿನಷ್ಟು ಮಾತ್ರ ಎತ್ತಿ. ಮೇಲಕ್ಕೆ ಹೆಗಲವರೆಗೆ, ಕೆಳಕ್ಕೆ ಪಕ್ಕೆಲುಬು ಮುಗಿಯುವ ಮೊದಲೇ ನಿಲ್ಲಿಸಿ. ಕುತ್ತಿಗೆಗೂ ಬೇಡ, ಸೊಂಟಕ್ಕೂ ಬೇಡ.

ಮಡಿಕೇರಿ ಫಿಸಿಯೋ:

ಚೆನ್ನಾಗಿ ಹೇಳಿದ್ದೀರಿ. ಒಂದೆರಡು ಸೇರಿಸುತ್ತೇನೆ. ಕೊನೆಯ ಎರಡು ಜೊತೆ ಪಕ್ಕೆಲುಬುಗಳು ಮುಂದೆ ಯಾವುದಕ್ಕೂ ಅಂಟಿಕೊಂಡಿಲ್ಲ, ಹಾಗಾಗಿ ಅಲ್ಲಿಗೆ ಒತ್ತಡ ಬೇಡ. ತಲೆಯ ಹಿಂದೆ ಕೈ ಇಟ್ಟಾಗ ಬಹಳ ಜನ ಸೊಂಟವನ್ನೇ ಎತ್ತಿ ಬಿಲ್ಲು ಮಾಡುತ್ತಾರೆ, ಹೊಟ್ಟೆಯನ್ನು ಸ್ವಲ್ಪ ಒಳಕ್ಕೆ ಎಳೆದುಕೊಂಡರೆ ಅದು ತಪ್ಪುತ್ತದೆ. ತೊಡೆಯ ಹೊರಬದಿಯಲ್ಲಿ ಪೃಷ್ಠದಿಂದ ಮಂಡಿಯವರೆಗೆ ಒಂದು ಗಟ್ಟಿ ಪಟ್ಟಿ ಇದೆ, ಚೀಲ ಹೊಲಿಯುವ ಸೆಣಬಿನ ದಾರದಂತೆ. ಅದರ ಮೇಲೆ ಉರುಳಿ ಕಣ್ಣೀರು ಹಾಕುವವರಿದ್ದಾರೆ. ರೋಲರ್‌ನಿಂದ ಅದು ಉದ್ದವಾಗುವುದಿಲ್ಲ. ಅದಕ್ಕಿಂತ ಸ್ವಲ್ಪ ಮುಂದೆ, ತೊಡೆಯ ಸ್ನಾಯುವಿನ ಮೇಲೆ ಹೋಗಿ. ಮಂಡಿಯ ಹಿಂದಿನ ಗುಳಿಯಲ್ಲಿ ರಕ್ತನಾಳ ಮತ್ತು ನರ ಎರಡೂ ಚರ್ಮಕ್ಕೆ ಹತ್ತಿರ, ಅಲ್ಲಿ ಉರುಳಿಸಲೇಬಾರದು.

ಗಂಟು ಕರಗುತ್ತದೆ ಎನ್ನುವ ಮಾತಿಗೂ ಉತ್ತರ ಬೇಕು. ರೋಲರ್ ಯಾವ ಗಂಟನ್ನೂ ಒಡೆಯುವುದಿಲ್ಲ. ಆ ಒತ್ತಡದಿಂದ ನರಮಂಡಲ ಸ್ವಲ್ಪ ಹೊತ್ತು ಸುಧಾರಿಸಿಕೊಳ್ಳುತ್ತದೆ, ನೋವು ಕಡಿಮೆ ಅನಿಸುತ್ತದೆ, ಕೀಲು ಸ್ವಲ್ಪ ಹೆಚ್ಚು ತಿರುಗುತ್ತದೆ. ಆ ಗುಣ ಬಹಳ ಹೊತ್ತು ಉಳಿಯುವುದಿಲ್ಲ, ಅರ್ಧ ಗಂಟೆ ಎಂದಿಟ್ಟುಕೊಳ್ಳಿ. ಆದ್ದರಿಂದ ಉರುಳಿದ ಮೇಲೆ ಎದ್ದು ನಡೆಯಿರಿ, ವ್ಯಾಯಾಮ ಮಾಡಿ. ಉರುಳಿ ಮತ್ತೆ ಸೋಫಾಕ್ಕೆ ಹೋದರೆ ಬಂದ ಲಾಭ ಅಲ್ಲೇ ಮುಗಿಯಿತು.

ವಿರಾಜಪೇಟೆಯ ಟೀಚರ್:

ಮೇಡಂ, ನನ್ನ ತಾಯಿಗೆ 68. ಬೆನ್ನು ಸ್ವಲ್ಪ ಬಾಗಿದೆ, ಎತ್ತರವೂ ಕಡಿಮೆಯಾದಂತಿದೆ. ಎರಡು ವರ್ಷದ ಹಿಂದೆ ಅಂಗಳದಲ್ಲಿ ಜಾರಿ ಮಣಿಕಟ್ಟು ಮುರಿದಿತ್ತು. ಅಕ್ಕನ ಮಗಳು ರೋಲರ್ ಮೇಲೆ ಮಲಗಿಸಿದರೆ ಬೆನ್ನು ನೆಟ್ಟಗಾಗುತ್ತದೆ ಎನ್ನುತ್ತಿದ್ದಾಳೆ. ಮಾಡಿಸಬಹುದೇ?

ಮಡಿಕೇರಿ ಫಿಸಿಯೋ:

ಬೇಡ ಟೀಚರ್. ದಯವಿಟ್ಟು ಬೇಡ. ಎತ್ತರ ಕಡಿಮೆಯಾಗುವುದು, ಬೆನ್ನು ಬಾಗುವುದು, ಸಣ್ಣ ಬೀಳುವಿಕೆಗೆ ಮಣಿಕಟ್ಟು ಮುರಿಯುವುದು, ಈ ಮೂರೂ ಸೇರಿದರೆ ಮೂಳೆ ಟೊಳ್ಳಾಗಿರುವ ಆಸ್ಟಿಯೊಪೊರೋಸಿಸ್ ಇರಬಹುದೇ ಎಂದು ನೋಡಲೇಬೇಕು. ಅಂಥ ಬೆನ್ನುಮೂಳೆಗೆ ರೋಲರ್‌ನ ಭಾರವೇ ಬಿರುಕಿಗೆ ಸಾಕಾಗಬಹುದು. ಮೊದಲು ಮೂಳೆ ಸಾಂದ್ರತೆಯ ಪರೀಕ್ಷೆ ಮಾಡಿಸಿ. ಅಲ್ಲಿಯವರೆಗೆ ಗೋಡೆಗೆ ಬೆನ್ನು ತಾಗಿಸಿ ನಿಂತು ಕೈ ನಿಧಾನವಾಗಿ ಮೇಲೆತ್ತುವುದು, ಅಂಗಳದಲ್ಲಿ ಪಾಚಿ ಇಲ್ಲದ ಕಡೆ ನಡೆಯುವುದು, ಇಷ್ಟು ಸಾಕು.

ಬೇರೆ ಯಾರಿಗೆ ಬೇಡ ಎಂದು ಕೇಳುವವರಿಗೆ ಒಟ್ಟಿಗೆ ಹೇಳಿಬಿಡುತ್ತೇನೆ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದವರು, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ಹೊಸದಾಗಿ ಶಸ್ತ್ರಚಿಕಿತ್ಸೆಯಾದವರು, ಡಿಸ್ಕ್ ಜಾರಿದೆ ಎಂದು ಗೊತ್ತಿರುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಮುಟ್ಟಬಾರದು. ಉಬ್ಬಿದ ನೀಲಿ ನರಗಳ ಮೇಲೆ ಉರುಳಿಸಬಾರದು. ಒಂದು ಕಾಲಿನ ಮೀನಖಂಡ ಮಾತ್ರ ಊದಿ, ಬಿಸಿಯಾಗಿ ನೋಯುತ್ತಿದ್ದರೆ ಅದನ್ನು ಸ್ನಾಯು ನೋವೆಂದು ಉಜ್ಜಬೇಡಿ, ತೋರಿಸಿ.

ಸಿದ್ದಾಪುರದ ಗ್ಯಾರೇಜು:

ರೋಲರ್‌ಗೆ ದುಡ್ಡು ಏಕೆ ಎಂದು ನಾನು ಆರಿಂಚಿನ ಪಿವಿಸಿ ಪೈಪಿನ ತುಂಡು ಕೊಯ್ದು ಅದನ್ನೇ ಬಳಸಿದೆ. ಮೀನಖಂಡದ ಮೇಲೆ ಮೂರು ದಿನ ನೀಲಿ ಮಚ್ಚೆ ಇತ್ತು. ಈಗ ಆ ಪೈಪು ಅದರ ಸ್ವಧರ್ಮಕ್ಕೆ ಮರಳಿದೆ, ಚರಂಡಿಯಲ್ಲಿದೆ.

ಪೊನ್ನಂಪೇಟೆ ಫುಲ್‌ಬ್ಯಾಕ್:

ಅಯ್ಯೋ. ಪೈಪು ಸ್ವಲ್ಪವೂ ಬಗ್ಗುವುದಿಲ್ಲ, ಬಗ್ಗಬೇಕಾದ್ದು ನಿಮ್ಮ ಸ್ನಾಯುವೇ. ದುಡ್ಡು ಉಳಿಸಬೇಕಾದರೆ ಲಟ್ಟಣಿಗೆ ಸಾಕು. ಕುರ್ಚಿಯಲ್ಲಿ ಕೂತು ತೊಡೆ, ಮೀನಖಂಡದ ಮೇಲೆ ಚಪಾತಿ ಲಟ್ಟಿಸಿದಂತೆ. ಒತ್ತಡ ನಿಮ್ಮ ಕೈಯಲ್ಲೇ ಇರುತ್ತದೆ. ಆಮೇಲೆ ಮನೆಯವರಿಗೆ ಗೊತ್ತಾಗುವ ಮೊದಲು ತೊಳೆದಿಡಿ.

ಕೊಳ್ಳುವವರಿಗೆ: ಮೊದಲ ಸಲಕ್ಕೆ ಉಬ್ಬುಗಳಿಲ್ಲದ, ನಯವಾದ, ಹೆಬ್ಬೆರಳಿನಿಂದ ಒತ್ತಿದರೆ ಸ್ವಲ್ಪ ತಗ್ಗುವಂಥದ್ದು. ಬೆನ್ನಿಗಾದರೆ 60 ಅಥವಾ 90 ಸೆಂ.ಮೀ. ಉದ್ದ ಇರಲಿ. 30ರದ್ದು ಚೀಲದಲ್ಲಿ ಹಿಡಿಸುತ್ತದೆ, ಆದರೆ ಬೆನ್ನಿನ ಕೆಳಗೆ ಒಂದು ಕಡೆ ಜಾರುತ್ತದೆ. 90 ಸಿಕ್ಕಿದರೆ ಅದರ ಮೇಲೆ ಉದ್ದಕ್ಕೆ ಮಲಗಬಹುದು, ತಲೆಯಿಂದ ಬಾಲಮೂಳೆಯವರೆಗೆ ಆಸರೆ. ಕೈ ಎರಡೂ ಬದಿಗೆ ಚಾಚಿ ಎರಡು ನಿಮಿಷ ಸುಮ್ಮನೆ ಉಸಿರಾಡಿ. ಎದೆ ತೆರೆಯುತ್ತದೆ, ಸೊಂಟಕ್ಕೆ ಬಾಗು ಬರುವುದಿಲ್ಲ.

ಇನ್ನೊಂದು, ನಮ್ಮ ಕಡೆಯವರು ಮರೆಯುವಂಥದ್ದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಿಮೆಂಟು ನೆಲ ಬೆವರುತ್ತದೆ. ಆ ನೆಲದ ಮೇಲೆ ರೋಲರ್ ಇಟ್ಟು ಕೂತರೆ ನೀವೊಂದು ಕಡೆ, ಅದೊಂದು ಕಡೆ. ಕೆಳಗೆ ಯೋಗದ ಚಾಪೆ ಇರಲಿ. ಗೋಡೆಗೆ ನಿಂತು ಟೆನಿಸ್ ಚೆಂಡು ಬಳಸುವುದು ಇನ್ನೂ ವಾಸಿ. ಬೆನ್ನುಮೂಳೆಯ ಪಕ್ಕದ ಸ್ನಾಯುವಿಗೆ ಇಡಿ, ಮೂಳೆಗಲ್ಲ.

ನಾಪೋಕ್ಲಿನ ಡ್ರೈವರ್:

ನಾನು ಪೃಷ್ಠಕ್ಕೆ ಹಾಕಿ ನೋಡಿದೆ. ಒಂದು ಜಾಗಕ್ಕೆ ಬಂದಾಗ ಕಾಲಿನ ಕಿರುಬೆರಳಿನವರೆಗೆ ಕರೆಂಟು ಹೊಡೆದಂತಾಯಿತು. ಅದು ಒಳ್ಳೆಯ ಜಾಗ ಸಿಕ್ಕಿದ ಗುರುತೇ? ಅಲ್ಲೇ ಒತ್ತಿ ಹಿಡಿಯಬೇಕೇ?

ಮಡಿಕೇರಿ ಫಿಸಿಯೋ:

ಹಿಡಿಯಬೇಡಿ! ಪೃಷ್ಠದ ಆಳದಲ್ಲಿ ಸಯಾಟಿಕ್ ನರ ಹಾದುಹೋಗುತ್ತದೆ, ನಿಮ್ಮ ರೋಲರ್ ಅದಕ್ಕೇ ತಾಗಿದೆ. ಸ್ನಾಯು ನೋವು ಮಂದವಾಗಿ, ಒತ್ತಿದಲ್ಲೇ ಇರುತ್ತದೆ. ನರದ ನೋವು ಕರೆಂಟಿನಂತೆ ಕೆಳಕ್ಕೆ ಓಡುತ್ತದೆ. ಓಡಿತೆಂದರೆ ತಕ್ಷಣ ಜಾಗ ಬದಲಿಸಿ. ಹಗಲಿಡೀ ಜೀಪಿನಲ್ಲಿ ಕೂರುವವರು ನೀವು. ಹಿಂದಿನ ಜೇಬಿನಲ್ಲಿ ದಪ್ಪ ಪರ್ಸ್ ಇಟ್ಟುಕೊಂಡು ಓಡಿಸುತ್ತೀರಾ?

ನಾಪೋಕ್ಲಿನ ಡ್ರೈವರ್:

ಇಟ್ಟುಕೊಳ್ಳುತ್ತೇನೆ. ಪರ್ಸಿನಲ್ಲಿ ದುಡ್ಡಿಗಿಂತ ಡೀಸೆಲ್ ಚೀಟಿಗಳೇ ಹೆಚ್ಚು.

ಮಡಿಕೇರಿ ಫಿಸಿಯೋ:

ಮೊದಲು ಅದನ್ನು ತೆಗೆದು ಡ್ಯಾಶ್‌ಬೋರ್ಡಿಗೆ ಹಾಕಿ. ಎರಡು ವಾರ ನೋಡಿ. ಕೂತಾಗಲೂ ಕಾಲಿಗೆ ಜೋಮು ಬರುತ್ತಿದ್ದರೆ ಬಂದು ತೋರಿಸಿ, ರೋಲರ್ ಮನೆಯಲ್ಲೇ ಇರಲಿ.

ಸುಂಟಿಕೊಪ್ಪದ ಬೆಳೆಗಾರ:

ಇಪ್ಪತ್ತೆರಡು ದಿನದ ಬಳಿಕ ಬರೆಯುತ್ತಿದ್ದೇನೆ. ಐದನೆಯ ದಿನಕ್ಕೆ ಮುಖ ತೊಳೆದೆ, ಒಂಬತ್ತನೆಯ ದಿನಕ್ಕೆ ಶೂ ಲೇಸು ಕಟ್ಟಿದೆ. ಫಿಸಿಯೋ ಮೇಡಂ ಹೇಳಿದಂತೆ ಒಬ್ಬರಿಗೆ ತೋರಿಸಿಯೂ ಬಂದೆ, ಸ್ಕ್ಯಾನ್ ಬೇಡ ಎಂದರು. ಎರಡು ವ್ಯಾಯಾಮ ಕೊಟ್ಟಿದ್ದಾರೆ. ಒಂದು, ಮಲಗಿ ಮಂಡಿ ಮಡಚಿ ಸೊಂಟವನ್ನು ನೆಲಕ್ಕೆ ಮೆಲ್ಲಗೆ ಒತ್ತುವುದು. ಇನ್ನೊಂದು, ನಾಲ್ಕು ಕಾಲಿನ ಮೇಲೆ ನಿಂತು ಎದುರು ಬದಿಯ ಕೈಕಾಲನ್ನು ನೆಟ್ಟಗೆ ಚಾಚುವುದು. ಎರಡನೆಯದನ್ನು ಮಾಡುವಾಗ ನಮ್ಮ ನಾಯಿ ಬಂದು ಹೊಟ್ಟೆಯ ಕೆಳಗೆ ಮಲಗುತ್ತದೆ, ಬೀಳುವಂತೆಯೇ ಇಲ್ಲ.

ಮಗನಿಗೆ ಬೈದು ಮೆತ್ತನೆಯ ರೋಲರ್ ತರಿಸಿದೆ. ಪೃಷ್ಠ ಮತ್ತು ತೊಡೆಗೆ ಒಂದೊಂದು ನಿಮಿಷ, ಹೆಗಲ ನಡುವೆ ಹತ್ತು ಸಲ, ಆಮೇಲೆ ತೋಟಕ್ಕೆ ಒಂದು ಸುತ್ತು. ಪೃಷ್ಠದಲ್ಲಿ ಇಷ್ಟು ಬಿಗಿತವಿದೆ ಎಂದು 47 ವರ್ಷ ನನಗೆ ಗೊತ್ತೇ ಇರಲಿಲ್ಲ. ಉಳಿದ ಚೀಲಗಳನ್ನು ಇಬ್ಬರು ಹುಡುಗರಿಗೆ ಕೂಲಿ ಕೊಟ್ಟು ಏರಿಸಿದೆ. ಆ ಕೂಲಿಯನ್ನು ಮೊದಲೇ ಕೊಟ್ಟಿದ್ದರೆ ಎಂದು ಹೆಂಡತಿ ದಿನಕ್ಕೊಮ್ಮೆ ನೆನಪಿಸುತ್ತಾಳೆ.

ಈಗ ಒಂದು ಸಣ್ಣ ಸಂಶಯ. ಮಳೆಗಾಲದಲ್ಲಿ ಇದಕ್ಕೆ ಬೂಷ್ಟು ಹಿಡಿಯುತ್ತದೆಯೇ? ಚಪ್ಪಲಿ, ಬೆಲ್ಟು ಎಲ್ಲಕ್ಕೂ ಹಿಡಿಯುತ್ತದೆ. ಮುಂಜಾಗ್ರತೆಗೆ ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತಿದ್ದೇನೆ.

ಪೊನ್ನಂಪೇಟೆ ಫುಲ್‌ಬ್ಯಾಕ್:

ನಯವಾದ ಫೋಮು ನೀರು ಹೀರುವುದಿಲ್ಲ. ಮೇಲೆ ಕೂತ ಬೂಷ್ಟನ್ನು ಸಾಬೂನು ನೀರಿನ ಬಟ್ಟೆಯಿಂದ ಒರೆಸಿ ಗಾಳಿಗಿಟ್ಟರೆ ಸಾಕು. ಅಟ್ಟದಿಂದ ಮಾತ್ರ ಇಳಿಸಿ. ಒಲೆಯ ಬಿಸಿಗೆ ಒಂದು ಬದಿ ಮೆತ್ತಗಾಗಿ ಚಪ್ಪಟೆಯಾಗುತ್ತದೆ, ಆಮೇಲೆ ಉರುಳುವುದಿಲ್ಲ.

ಸುಂಟಿಕೊಪ್ಪದ ಬೆಳೆಗಾರ:

ಇಳಿಸಬೇಕಾದರೆ ಏಣಿ ಹತ್ತಬೇಕು, ಏಣಿ ಹಿಡಿಯಲು ಹೆಂಡತಿಯನ್ನು ಕರೆಯಬೇಕು. ಅಲ್ಲಿಗೆ ಅದನ್ನು ಏರಿಸಿದ್ದು ಹೇಗೆ ಎಂದು ಅವಳು ಕೇಳುತ್ತಾಳೆ. ನಾಳೆ ಅವಳು ಸಂತೆಗೆ ಹೋದ ಮೇಲೆ ನೋಡುತ್ತೇನೆ.

ಮಡಿಕೇರಿ ಫಿಸಿಯೋ:

ಕರೆಯಿರಿ.